ಗ್ರಿಮ್ ಕಥೆಗಳು ಹಿಡಿಸುತ್ತಿಲ್ಲ ಅಂದವರಿಗೆ

ನಮಸ್ಕಾರ. ಈಗಿನ ಸಣ್ಣಕಥೆಗಳು ಇಷ್ಟ, ಆದರೆ ಜರ್ಮನಿಯ ಗ್ರಿಮ್ ಸೋದರರ ಜನಪದ ಕಥೆಗಳ ಸಂಗ್ರಹ ಓದುವುದು ಅರ್ಧಕ್ಕೇ ನಿಂತಿದೆ, ಪಾತ್ರಗಳ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತೇ ಆಗಲ್ಲ ಅಂತ ಬರೆದಿದ್ದೀರಿ. ಆ ಕಥೆಗಳ ರೀತಿಯೇ ಹಾಗೆ. ಅಲ್ಲಿ ದುಃಖವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮೈಮೇಲೆ ತೋರಿಸುತ್ತಾರೆ.

ಮೊದಲು ನಮ್ಮ ಕಡೆಯದೇ ಒಂದು ಓದಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹೂವಿನ ಗಿಡವಾಗುವ ಹುಡುಗಿಯ ಕಥೆ. ಒಂದು ಬಿಂದಿಗೆ ನೀರು ಸುರಿದರೆ ಗಿಡ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂವು ಕೀಳುವಾಗ ಕೊಂಬೆಗೆ ನೋವಾಗಬಾರದು ಅಂತ ಕೇಳಿಕೊಳ್ಳುತ್ತಾಳೆ. ನಾದಿನಿಯೂ ಗೆಳತಿಯರೂ ಕೊಂಬೆ ಮುರಿದು, ನೀರನ್ನು ಹೇಗೋ ಸುರಿದು ಓಡಿಹೋಗುತ್ತಾರೆ. ಕೈಕಾಲಿಲ್ಲದ ಮೈಯಷ್ಟೇ ಉಳಿಯುತ್ತದೆ. ಅವಳಿಗೆ ಏನನ್ನಿಸಿತು ಅಂತ ಕಥೆ ಹೇಳುವುದೇ ಇಲ್ಲ. ಹೇಳಬೇಕಾ? ನನಗೆ ಓದುವಾಗಲೆಲ್ಲ ಎದೆ ಹಿಂಡುತ್ತದೆ.

ಇದಾದ ಮೇಲೆ ಗ್ರಿಮ್‌ಗೆ ವಾಪಸ್ ಹೋಗಿ. ಸಾಧ್ಯವಾದರೆ 1812ರ ಮೊದಲ ಆವೃತ್ತಿಯ ಕಥೆಗಳನ್ನೇ ಹುಡುಕಿ. ಮನೆಯಲ್ಲಿ ಊಟಕ್ಕಿಲ್ಲ ಅಂತ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಅನ್ನುವ ಅಣ್ಣತಂಗಿಯರನ್ನು ಕಾಡಿಗೆ ಬಿಡಲು ಹಟ ಹಿಡಿಯುವವಳು ಅಲ್ಲಿ ಹೆತ್ತ ತಾಯಿ. ಮುಂದಿನ ಆವೃತ್ತಿಗಳಲ್ಲಿ ಅವಳನ್ನು ಮಲತಾಯಿ ಮಾಡಿದರು. ಹಸಿವು ತಾಯಿಯನ್ನೂ ಹೀಗೆ ಮಾಡೀತು ಅನ್ನುವ ಭಯ ಮೊದಲ ರೂಪದಲ್ಲೇ ಜಾಸ್ತಿ ಇದೆ, ಅಲ್ವಾ?

ಇನ್ನೊಂದು, ಕಾದಂಬರಿ ಥರ ಒಂದೇ ಉಸಿರಿಗೆ ಓದಬೇಡಿ. ಎಲ್ಲ ಕಲಸಿಹೋಗುತ್ತವೆ. ಮೆಟ್ರೋದಲ್ಲಿ ಹೋಗುವಾಗ ಒಂದು ಸಾಕು. ಕನ್ನಡದ ಜನಪದ ಕಥಾಸಂಗ್ರಹಗಳಿಗೆ ಬೆಂಗಳೂರಿನ ಗಾಂಧಿಬಜಾರಿನ ‘ಅಂಕಿತ ಪುಸ್ತಕ’ ಅಂಗಡಿಯಲ್ಲಿ ಕೇಳಿ ನೋಡಿ.