ಕೋಳಿಗಳು ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನುತ್ತಿವೆ, ಏನು ಮಾಡಲಿ?

ಹಿತ್ತಲಲ್ಲಿ ಹತ್ತು ಹೇಂಟೆ ಸಾಕಿದ್ದೀರಿ. ಮಳೆ ಹಿಡಿದಾಗಿನಿಂದ ಗೂಡಿನಲ್ಲೇ ಇವೆ. ಎರಡಕ್ಕೆ ಬಾಲದ ಬುಡ ಬೋಳಾಗಿದೆ, ಒಂದಕ್ಕೆ ರಕ್ತವೂ ಬಂದಿದೆ. ಕೊಕ್ಕಿನ ತುದಿ ಸುಟ್ಟುಬಿಡಿ ಎಂದು ಪಕ್ಕದ ಮನೆಯವರು ಹೇಳಿದ್ದಾರೆ, ಸುಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕೊಕ್ಕಿನ ತುದಿಯ ತುಂಬ ನರಗಳಿವೆ, ನಮಗೆ ಬೆರಳಿದ್ದ ಹಾಗೆ ಕೋಳಿಗೆ ಅದು. ಸುಟ್ಟರೆ ನೋವು ಕೊಟ್ಟಂತಾಗುತ್ತದೆ ಅಷ್ಟೇ, ಕುಕ್ಕುವ ಕಾರಣ ಹಾಗೇ ಉಳಿಯುತ್ತದೆ.

ರಕ್ತ ಬಂದ ಕೋಳಿಯನ್ನು ಈಗಲೇ ಬೇರೆ ಮಾಡಿ. ಕೆಂಪು ಕಂಡರೆ ಉಳಿದವೆಲ್ಲ ಅಲ್ಲಿಗೇ ಬಾಯಿ ಹಾಕುತ್ತವೆ, ಅರ್ಧ ದಿನದಲ್ಲಿ ಕೋಳಿ ಸತ್ತೂ ಹೋಗಬಹುದು. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಗಾಯ ತೊಳೆದು, ಬೇವಿನೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿ. ಆ ವಾಸನೆಗೆ ನೊಣವೂ ಅಷ್ಟಾಗಿ ಬರುವುದಿಲ್ಲ. ಆದರೆ ತೀರಾ ದೂರ ಒಯ್ಯಬೇಡಿ. ಗೂಡಿನ ಒಂದು ಮೂಲೆಗೆ ಜಾಲರಿ ಕಟ್ಟಿ ಅಲ್ಲೇ ಬಿಡಿ, ಗುಂಪಿಗೆ ಕಾಣುತ್ತಿರಲಿ. ವಾರಗಟ್ಟಲೆ ಕಣ್ಣಿಗೆ ಬೀಳದಿದ್ದರೆ, ತಿರುಗಿ ಬಿಟ್ಟಾಗ ಯಾವುದೋ ಹೊಸ ಕೋಳಿ ಎಂದು ಅಟ್ಟಿಸಿಕೊಂಡು ಹೊಡೆಯುತ್ತವೆ. ಮೊಟ್ಟೆ ಇಡುವ ಜಾಗದಲ್ಲಿ ಗಾಯವಾಗಿದ್ದರೆ, ಒಳಗಿನ ಮಾಂಸ ಹೊರಗೆ ಕಂಡರೆ ಮನೆಮದ್ದು ಸಾಲದು, ಪಶುವೈದ್ಯರ ಹತ್ತಿರ ಹೋಗಿ.

ಇನ್ನು ಇದು ನಿಜಕ್ಕೂ ಕುಕ್ಕಾಟವೇ ಅಂತ ನೋಡಿಕೊಳ್ಳಿ. ಬೆಳಗ್ಗೆ ಗೂಡಿನ ನೆಲ ನೋಡಿ. ಪುಕ್ಕ ರಾಶಿ ಬಿದ್ದಿದ್ದರೆ ಕೋಳಿ ಗರಿ ಉದುರಿಸುವ ಕಾಲವಿರಬಹುದು. ಮೈ ಬೋಳು, ನೆಲದಲ್ಲಿ ಮಾತ್ರ ಒಂದು ಪುಕ್ಕವೂ ಇಲ್ಲ ಅಂದರೆ ಯಾರೋ ತಿನ್ನುತ್ತಿದ್ದಾರೆ ಅಂತಲೇ ಅರ್ಥ. ಕತ್ತಿನ ಹಿಂದೆ, ಬೆನ್ನಿನ ಮೇಲೆ ಸವೆದಿದ್ದರೆ ಹುಂಜನ ಕೆಲಸ. ಜುಟ್ಟಿಗೆ, ತಲೆಗೆ ಗಾಯವಾಗಿದ್ದರೆ ಜಗಳ. ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಗರಿ ಸರಿಸಿ ಹೇನು ಇದೆಯಾ ಅಂತಲೂ ನೋಡಿ.

ಪುಕ್ಕ ಕೀಳುವ ಕೋಳಿ ಜಗಳಗಂಟಿಯ ಹಾಗೆ ಕಾಣುವುದೇ ಇಲ್ಲ. ನಮ್ಮದು ಸಾಗರದ ಕಡೆ, ಮಳೆಗಾಲದಲ್ಲಿ ಗೂಡಿನ ಮುಂದೆ ಕೂತು ನೋಡಿದ್ದೇನೆ. ನಿಧಾನವಾಗಿ ಹಿಂದಿನಿಂದ ಬರುತ್ತದೆ. ಬಾಲದ ಬುಡದ ಮೆತ್ತನೆ ಗರಿಯೊಂದನ್ನು ಹಿಡಿದು ಎಳೆಯುತ್ತದೆ, ಕೊಕ್ಕಿನಲ್ಲಿ ಎರಡು ಸಲ ತಿರುವಿ ನುಂಗುತ್ತದೆ. ಕಿತ್ತಿಸಿಕೊಳ್ಳುವ ಕೋಳಿ ಎಷ್ಟೋ ಸಲ ಸುಮ್ನೆ ನಿಂತೇ ಇರುತ್ತದೆ. ಅದು ಸಿಟ್ಟಲ್ಲ, ನೆಲ ಕೆದಕಿ ಹುಳ ಹುಡುಕಬೇಕಾದ ಕೊಕ್ಕಿಗೆ ಕೆಲಸ ಸಿಕ್ಕಿಲ್ಲ. ಹೊರಗೆ ಬಿಟ್ಟ ಕೋಳಿ ಹಗಲಿನ ಜಾಸ್ತಿ ಹೊತ್ತು ಕೆದಕುವುದು, ಕುಕ್ಕುವುದರಲ್ಲೇ ಕಳೆಯುತ್ತದೆ. ಬಟ್ಟಲಲ್ಲಿ ಕಾಳು ಸುರಿದರೆ ಹತ್ತು ನಿಮಿಷಕ್ಕೆ ಊಟ ಮುಗಿಯಿತು. ಆಮೇಲೆ ಎದುರಿಗಿರುವುದು ಪಕ್ಕದ ಕೋಳಿಯ ಬಾಲ ತಾನೇ?

ಹಾಗಾಗಿ ಕಾಳನ್ನು ಬಟ್ಟಲಿಗೆ ಹಾಕಬೇಡಿ. ನೆಲಕ್ಕೆ ಒಣಗಿದ ಭತ್ತದ ಹುಲ್ಲು, ತರಗೆಲೆ ದಪ್ಪಗೆ ಹಾಸಿ, ಅದರೊಳಗೆ ರಾಗಿ, ಜೋಳದ ನುಚ್ಚು ಎರಚಿ. ಒದ್ದೆಯಾದ ಹುಲ್ಲು ತೆಗೆದುಬಿಡಿ, ಬೂಸಲು ಬರುತ್ತದೆ. ನುಗ್ಗೆ ಸೊಪ್ಪನ್ನು ಕಟ್ಟು ಕಟ್ಟಿ ಕೊಕ್ಕಿಗೆ ಎಟುಕುವ ಎತ್ತರಕ್ಕೆ ತೂಗುಹಾಕಿ, ಎಳೆದು ಎಳೆದು ತಿನ್ನಲಿ. ಬಾಳೆದಿಂಡು ಸೀಳಿ ಹಾಕಿದರೆ ಅದರ ಮೇಲೇ ಅರ್ಧ ಹೊತ್ತು ಹೋಗುತ್ತದೆ. ಮಳೆ ತಾಗದ ಮೂಲೆಯಲ್ಲಿ ಒಲೆಬೂದಿ, ಒಣಮಣ್ಣು ಬೆರೆಸಿ ಹೊರಳಾಡಲು ಇಡಿ, ಹೇನೂ ಕಡಿಮೆಯಾಗುತ್ತದೆ. ಮಳೆ ಹೊಳವಾದ ಸಂಜೆ ಒಂದು ಗಂಟೆಯಾದರೂ ಹೊರಗೆ ಬಿಡಿ.

ಎರಡನೆಯದು ಮೇವು. ಗರಿ ಅಂದರೆ ಬಹುಪಾಲು ಪ್ರೋಟೀನೇ. ಬರೀ ಅಕ್ಕಿ, ರಾಗಿ, ಮೆಕ್ಕೆಜೋಳ ಹಾಕಿದರೆ ಪ್ರೋಟೀನ್ ನೂರಕ್ಕೆ 7ರಿಂದ 9 ಮಾತ್ರ ಸಿಗುತ್ತದೆ, ಮೊಟ್ಟೆ ಇಡುವ ಕೋಳಿಗೆ 16ರಿಂದ 18 ಬೇಕು. ಗಿರಿರಾಜ, ಸ್ವರ್ಣಧಾರಾ ಥರದ ತಳಿಗಳು ನಾಟಿ ಕೋಳಿಗಿಂತ ಎರಡು ಮೂರು ಪಟ್ಟು ಮೊಟ್ಟೆ ಕೊಡುತ್ತವೆ, ಅವಕ್ಕೆ ಈ ಕೊರತೆ ಬೇಗ ತಾಗುತ್ತದೆ. ಅಂಗಡಿಯ ಲೇಯರ್ ಫೀಡ್ (ಮೊಟ್ಟೆ ಕೋಳಿಯ ಸಿದ್ಧ ಮೇವು) ಕೊಟ್ಟರೆ ಸುಲಭ. ಮನೆಯಲ್ಲೇ ಬೆರೆಸುವುದಾದರೆ ಕಡಲೆಕಾಯಿ ಹಿಂಡಿ ಒಂದನ್ನೇ ನೆಚ್ಚಿಕೊಳ್ಳಬೇಡಿ. ಗರಿ ಬೆಳೆಯಲು ಬೇಕಾದ ಮೆಥಿಯೋನಿನ್ ಎಂಬ ಪ್ರೋಟೀನಿನ ಅಂಶ ಅದರಲ್ಲಿ ಕಡಿಮೆ, ಎಳ್ಳಿನ ಹಿಂಡಿಯಲ್ಲಿ, ಮೀನಿನಲ್ಲಿ ಜಾಸ್ತಿ. ಒಣಮೀನು ಹಾಕುವುದಾದರೆ ನೀರಲ್ಲಿ ನೆನೆಸಿ ಉಪ್ಪು ತೆಗೆದು ಹಾಕಿ, ಉಪ್ಪು ಹೆಚ್ಚಾದರೆ ಕೋಳಿಗೆ ವಿಷ. ಮಳೆಗಾಲದಲ್ಲಿ ಹಿಂಡಿ ಬೂಸಲು ಹಿಡಿದಿದ್ದರೆ ಗೊಬ್ಬರಗುಂಡಿಗೆ ಎಸೆಯಿರಿ, ಕೋಳಿಗೆ ಕೊಡಲೇಬೇಡಿ.

ಗೂಡು ಇಕ್ಕಟ್ಟಾಗಿದ್ದರೆ ಇಷ್ಟು ಮಾಡಿದರೂ ಪೂರ್ತಿ ನಿಲ್ಲಲಿಕ್ಕಿಲ್ಲ. ರಾತ್ರಿ ಮಲಗಲು ಒಂದೊಂದು ಕೋಳಿಗೆ ಮೂರು ನಾಲ್ಕು ಚದರ ಅಡಿ, ಹಗಲು ಓಡಾಡಲು ಹತ್ತು ಚದರ ಅಡಿಯಾದರೂ ಬೇಕು. ಕೂರುವ ಗಳ ನೆಲದಿಂದ ಎರಡಡಿಗಿಂತ ಮೇಲಿರಲಿ. ತಗ್ಗಿನಲ್ಲಿದ್ದರೆ ಮೇಲೆ ಕೂತ ಕೋಳಿಯ ಬಾಲ ಕೆಳಗಿನದರ ಕೊಕ್ಕಿಗೆ ಸರಿಯಾಗಿ ಸಿಗುತ್ತದೆ. ಮೊಟ್ಟೆ ಇಡುವ ಬುಟ್ಟಿಯ ಮುಂದೆ ಗೋಣಿಚೀಲದ ಪರದೆ ಕಟ್ಟಿ. ಮೊಟ್ಟೆ ಇಟ್ಟ ಕೂಡಲೇ ಆ ಜಾಗ ಸ್ವಲ್ಪ ಹೊತ್ತು ಕೆಂಪಗಿರುತ್ತದೆ, ಕತ್ತಲಿದ್ದರೆ ಬೇರೆಯವಕ್ಕೆ ಕಾಣುವುದಿಲ್ಲ.

ಕೀಳುವುದು ಸಾಮಾನ್ಯವಾಗಿ ಒಂದೋ ಎರಡೋ ಕೋಳಿ. ಯಾವುದು ಎಂದು ಗೊತ್ತಾದರೆ ಅದನ್ನು ನಾಲ್ಕೈದು ದಿನ ಬೇರೆ ಇಟ್ಟು, ಒಂದು ದಿನ ಕತ್ತಲಾದ ಮೇಲೆ ಗುಂಪಿಗೆ ಸೇರಿಸಿ. ಗುಂಪಿನಲ್ಲಿ ಅದರ ಜೋರು ಅಷ್ಟರಲ್ಲಿ ತಗ್ಗಿರುತ್ತದೆ. ಪುಕ್ಕ ಬುಡಸಮೇತ ಬಂದಿದ್ದರೆ ಕೆಲವು ವಾರಗಳಲ್ಲಿ ಹೊಸದು ಬರುತ್ತದೆ. ಅರ್ಧಕ್ಕೆ ಮುರಿದದ್ದು ಮುಂದಿನ ಸಲ ಗರಿ ಉದುರುವವರೆಗೂ ಹಾಗೇ ಇರುತ್ತದೆ. ಹೊಸ ಗರಿಯ ಮೊಳಕೆಯಲ್ಲಿ ರಕ್ತ ತುಂಬಿರುತ್ತದೆ, ಸ್ವಲ್ಪ ತಾಗಿದರೂ ಸುರಿಯುತ್ತದೆ. ಹಾಗಾಗಿ ಗಾಯವಾದ ಕೋಳಿಯನ್ನು ಜಾಲರಿಯಿಂದ ಬಿಡಲು ಅವಸರ ಮಾಡಬೇಡಿ.

ನಿಮ್ಮದು ಯಾವ ತಳಿ, ಗೂಡು ಎಷ್ಟಡಿ, ಈಗ ಏನು ಹಾಕುತ್ತಿದ್ದೀರಿ ಅಂತ ಬರೆಯಿರಿ, ಮೇವಿನ ಅಳತೆ ಹೇಳುತ್ತೇನೆ.