ಟಾರ್ ಹಾಕಿಕೊಂಡರೆ ಟೊರೆಂಟ್ ಮರೆಯಾಗುತ್ತದೆಯೇ?

ಪ್ರಶ್ನೆ: 2001ರ ಜಾತ್ರೆಯಲ್ಲಿ ಆಡಿದ ಶ್ರೀಕೃಷ್ಣ ಪಾರಿಜಾತವನ್ನು ಅಪ್ಪ 90 ನಿಮಿಷದ ಆರು ಕ್ಯಾಸೆಟ್‌ಗಳಲ್ಲಿ ತುಂಬಿಸಿಟ್ಟಿದ್ದರು. ಈಗ ಕಂಪ್ಯೂಟರಿಗೆ ಇಳಿಸಿದ್ದೇನೆ. ನನ್ನ ಹೆಸರು ಹೊರಬೀಳದಂತೆ ಟಾರ್ ಮೂಲಕ ಟೊರೆಂಟ್ ಬಿಡಬಹುದೇ? ಕೇಸ್ ಆಗುತ್ತದೆಯೇ?
– ಓದುಗರೊಬ್ಬರು, ತೇರದಾಳ, ಬಾಗಲಕೋಟೆ ಜಿಲ್ಲೆ

ಉತ್ತರ: ಟಾರ್ ಮೇಲೆ ಟೊರೆಂಟ್ ಬೇಡ. ಟೊರೆಂಟ್ ಎಂದರೆ ಹಲವರ ಕಂಪ್ಯೂಟರುಗಳು ಒಂದು ಕಡತವನ್ನು ತಮ್ಮತಮ್ಮಲ್ಲೇ ನೇರ ಹಂಚಿಕೊಳ್ಳುವ ವಿಧಾನ; ಟಾರ್ ಎಂದರೆ ಅಂತರ್ಜಾಲದಲ್ಲಿ ಗುರುತು ಮರೆಸುವ ಜಾಲ. ಟಾರ್ ನಿಮ್ಮ ಪತ್ರವನ್ನು ಲಕೋಟೆಯೊಳಗೆ ಲಕೋಟೆ ಹಾಕಿ ಮೂರು ಕೈ, ಅಂದರೆ ಮೂರು ಕಂಪ್ಯೂಟರ್, ದಾಟಿಸುತ್ತದೆ. ಕಳಿಸಿದವರೂ ತಲುಪುವ ಜಾಗವೂ ಒಂದೇ ಕೈಗೆ ಗೊತ್ತಾಗುವುದಿಲ್ಲ. ಆದರೆ ಕೆಲವು ಟೊರೆಂಟ್ ತಂತ್ರಾಂಶಗಳು ಪತ್ರದೊಳಗೇ ನಿಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಬರೆದು, ಯಾರ ಬಳಿ ಕಡತವಿದೆ ಎಂದು ಲೆಕ್ಕವಿಡುವ ಟ್ರ್ಯಾಕರ್‌ಗೆ ಒಪ್ಪಿಸುತ್ತವೆ. ಇನ್ನೊಂದು ತೂತು ಯುಡಿಪಿ. ಟಿಸಿಪಿ, ಯುಡಿಪಿ ಎಂಬುವು ಅಂತರ್ಜಾಲದಲ್ಲಿ ಮಾಹಿತಿ ಸಾಗಿಸುವ ಎರಡು ಪದ್ಧತಿಗಳು. ಟಾರ್ ಹೊರುವುದು ಟಿಸಿಪಿ ಮಾತ್ರ, ಟೊರೆಂಟಿನ ಡಿಎಚ್‌ಟಿ (ಟ್ರ್ಯಾಕರ್ ಇಲ್ಲದೆಯೇ ಕಡತ ಇರುವವರನ್ನು ಹುಡುಕುವ ವ್ಯವಸ್ಥೆ) ನಡೆಯುವುದು ಯುಡಿಪಿ ಮೇಲೆ. ಎಲ್ಲವನ್ನೂ ಟಾರ್ ಮೂಲಕವೇ ಕಳಿಸು ಎಂದು ತಂತ್ರಾಂಶಕ್ಕೆ ಹೇಳುವ ಪ್ರಾಕ್ಸಿ ಹಾಕಿದ್ದರೂ ಡಿಎಚ್‌ಟಿ ಹಿತ್ತಲ ಬಾಗಿಲಿನಿಂದ ನೇರ ಹೊರಬೀಳಬಹುದು.

ಬದಲಿಗೆ ಆನಿಯನ್‌ಶೇರ್ ಬಳಸಿ. ಇದು ನಿಮ್ಮ ಕಂಪ್ಯೂಟರಿನಿಂದಲೇ ಟಾರ್ ಮೂಲಕ ಕಡತ ಹಂಚುವ ತಂತ್ರಾಂಶ. ಸಿ.ಡಿ. ಗುಣಮಟ್ಟದ ವೇವ್ ಕಡತ ಒಂದು ಕ್ಯಾಸೆಟ್ಟಿಗೆ ಸುಮಾರು 950 ಎಂ.ಬಿ., ಆರಕ್ಕೆ 5.7 ಜಿ.ಬಿ.; ಫ್ಲ್ಯಾಕ್ ಎಂಬ ಧ್ವನಿ ಕಡತದ ಮಾದರಿಗೆ ಬದಲಿಸಿದರೆ ಗುಣ ಕೆಡದೆ ಗಾತ್ರ ಇಳಿಯುತ್ತದೆ. ಒಂದು ಬಾರಿ ಇಳಿಸಿಕೊಂಡ ಕೂಡಲೇ ಹಂಚಿಕೆ ನಿಲ್ಲಿಸುವ ಟಿಕ್ ಮೊದಲೇ ಬಿದ್ದಿರುತ್ತದೆ. ತೆಗೆಯದಿದ್ದರೆ ಎರಡನೆಯವರಿಗೆ ಸಿಗುವುದಿಲ್ಲ. ಟ್ಯಾಬ್ ಉಳಿಸಿಡದಿದ್ದರೆ ಪ್ರತಿಸಲ ವಿಳಾಸ ಬದಲಾಗುತ್ತದೆ. ವಿಳಾಸದ ಜೊತೆ ಖಾಸಗಿ ಕೀಲಿಯನ್ನೂ ಕೊಡಬೇಕು. ಲ್ಯಾಪ್‌ಟಾಪ್ ಮಲಗಿತೋ, ಹಂಚಿಕೆಯೂ ಮಲಗಿತು. ಟೊರೆಂಟೇ ಬೇಕೆಂದರೆ, ಟಾರ್‌ನಂತೆಯೇ ಗುರುತು ಮರೆಸುವ ಐ2ಪಿ ಜಾಲದೊಳಗೆ ಐ2ಪಿಸ್ನಾರ್ಕ್ ಎಂಬ ಟೊರೆಂಟ್ ತಂತ್ರಾಂಶ ಇದೆ, ನಿಧಾನ ಮಾತ್ರ.

ಇನ್ನು ಕೇಸಿನ ಮಾತು. ಟಾರ್ ಬಳಸುವುದೇ ನಮ್ಮಲ್ಲಿ ಅಪರಾಧವಲ್ಲ. ಏನು ಹಂಚಿದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಕಡತ ಹಂಚುವ ತಂತ್ರಾಂಶವೊಂದರ ಮೇಲಿನ 2005ರ ಗ್ರಾಕ್‌ಸ್ಟರ್ ಪ್ರಕರಣದಲ್ಲಿ ಹಿಡಿದದ್ದು ಉಪಕರಣವನ್ನಲ್ಲ, ಕದಿಯಲು ಹುರಿದುಂಬಿಸಿದವರನ್ನು. ನಿಮ್ಮ ತೊಡಕು ಬೇರೆ: ಕ್ಯಾಸೆಟ್ ಅಪ್ಪನದು, ದನಿ ಕಲಾವಿದರದು. ಹಕ್ಕುಸ್ವಾಮ್ಯ ಕಾಯ್ದೆಯಡಿ ಪ್ರದರ್ಶಕರ ಹಕ್ಕು 50 ವರ್ಷ, ಅಂದರೆ 2051ರ ಕೊನೆಯವರೆಗೆ. ಗೊತ್ತಿದ್ದೂ ಮುರಿದರೆ 63ನೇ ಕಲಂನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ; ಲಾಭಕ್ಕಲ್ಲದಿದ್ದರೆ ನ್ಯಾಯಾಲಯ ಕಡಿಮೆ ಮಾಡಬಹುದು. ಮೇಳದವರಿಂದ ಒಂದು ಹಾಳೆ ಒಪ್ಪಿಗೆ ಬರೆಸಿಕೊಂಡರೆ ಇಷ್ಟೆಲ್ಲ ಮುಸುಕೇ ಬೇಕಿಲ್ಲ.

ಆದರೂ ಮರೆಯಲ್ಲೇ ಇರುವುದಾದರೆ ಕಡತದೊಳಗೆ ಅಡಗಿರುವ ಹೆಸರು, ದಿನಾಂಕ ಮುಂತಾದ ವಿವರಗಳ ಟ್ಯಾಗ್ ಅಳಿಸಿ, ಮೊದಲ ಕ್ಯಾಸೆಟ್ಟನ್ನು ಪೂರ್ತಿ ಕೇಳಿ. ಆಟ ಶುರುವಾಗುವ ಮುಂಚೆ ಮೈಕಿನಲ್ಲಿ ಊರಿನ ಹೆಸರು, ಕಾಣಿಕೆ ಕೊಟ್ಟವರ ಹೆಸರು ಕೂಗಿರುತ್ತಾರೆ. ಅದರಲ್ಲಿ ನಿಮ್ಮಪ್ಪನದೂ ಇದ್ದೀತು.