ಜರ್ಮನ್ ಬಂದೇ ಬರುತ್ತೆ, ಕೈ ಎತ್ತೋದನ್ನ ಕಲಿಸಿ

ನಿಮ್ಮ ಮೆಸೇಜು ಎರಡು ಸಲ ಓದಿದೆ. ಸೆಪ್ಟೆಂಬರ್‌ಗೆ ಸ್ಟುಟ್‌ಗಾರ್ಟ್‌ಗೆ ಬರ್ತಿದ್ದೀರಿ, ಮಗಳಿಗೆ ಒಂಬತ್ತು, ಕೋಲಾರದಲ್ಲಿ ನಾಲ್ಕನೇ ಕ್ಲಾಸು ಮುಗಿಸಿದಾಳೆ, ಜರ್ಮನ್ ಒಂದಕ್ಷರ ಬರಲ್ಲ. "ಈಗಿಂದಲೇ ಮನೇಲಿ ಕನ್ನಡ ನಿಲ್ಲಿಸಿ, ಇಲ್ಲದಿದ್ರೆ ಮಗು ಎರಡು ದೋಣಿ ಮೇಲೆ ಕಾಲಿಡುತ್ತೆ ಅಂತ ಎಲ್ಲರೂ ಹೇಳ್ತಿದಾರೆ, ನಿಜವಾ?" ಅಂತ ಕೇಳಿದೀರಿ.

ಸುಳ್ಳು. ಆ ತಪ್ಪು ನಾನು ಮಾಡಿ ಕೂತಿದೀನಿ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳ್ತಿರೋದು.

ನಾನು ಶ್ರೀನಿವಾಸಪುರದ ಕಡೆಯವನು. ಇಲ್ಲಿಗೆ ಬಂದಾಗ ನನ್ನ ಮಗಳಿಗೆ ಎಂಟು. ಯಾರೋ ಹೇಳಿದರು ಅಂತ ಮನೇಲೆಲ್ಲ ಜರ್ಮನ್ ಮಾತಾಡೋಣ ಅಂತ ಶುರು ಮಾಡಿದೆ. ಯಾವ ಜರ್ಮನ್? ಸಂಜೆ ಕೋರ್ಸಲ್ಲಿ ಕಲಿತ ನನ್ನ ಮುರುಕು ಜರ್ಮನ್. ಮೂರು ತಿಂಗಳಾದ ಮೇಲೆ ಅವಳ ಟೀಚರ್ ನನ್ನನ್ನ ಪಕ್ಕಕ್ಕೆ ಕರೆದು, ಬಹಳ ಮರ್ಯಾದೆಯಿಂದ, "ದಯವಿಟ್ಟು ಮನೇಲಿ ನಿಮ್ಮ ಭಾಷೇನೇ ಮಾತಾಡಿ, ನಿಮ್ಮ ತಪ್ಪುಗಳನ್ನ ತಿದ್ದೋಕೆ ನನಗೆ ಜಾಸ್ತಿ ಸಮಯ ಹಿಡೀತಿದೆ" ಅಂದರು. ಅಷ್ಟರೊಳಗೆ ಊರಿಂದ ಅಮ್ಮ ಫೋನ್ ಮಾಡಿದರೆ ಮಗು ಸುಮ್ಮನೆ ನಿಂತಿರ್ತಿತ್ತು. ನಮ್ಮಮ್ಮನದು ಅರ್ಧ ತೆಲುಗು ಅರ್ಧ ಕನ್ನಡ, ನಿಮಗೆ ಗೊತ್ತಲ್ಲ ನಮ್ಮ ಕಡೆ. ಆ ಮಾತು ವಾಪಸ್ ಬರೋಕೆ ಒಂದು ವರ್ಷ ಹಿಡೀತು.

ಶಾಲೆ ವಿಚಾರಕ್ಕೆ ಬರ್ತೀನಿ. ನಿಮ್ಮವಳು ಬಹುಶಃ ಮತ್ತೆ ನಾಲ್ಕಕ್ಕೇ, ಇಲ್ಲಾ ಮೂರಕ್ಕೆ ಸೇರ್ತಾಳೆ, ಬೇಜಾರು ಮಾಡ್ಕೋಬೇಡಿ. ಹೊಸದಾಗಿ ಬಂದವರಿಗೆ ಈ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 'ಫೋರ್‌ಬೆರೈಟುಂಗ್ಸ್‌ಕ್ಲಾಸೆ' ಅಂತ ಇದೆ, ತಯಾರಿ ತರಗತಿ. ಮೊದಲು ಬರೀ ಜರ್ಮನ್, ಆಮೇಲೆ ಗಣಿತ, ಆಟ, ಸಂಗೀತ ಅಂತ ಒಂದೊಂದಾಗಿ ಮಾಮೂಲಿ ಕ್ಲಾಸಿಗೆ ಬಿಡ್ತಾರೆ. ಆದರೆ ಇಲ್ಲಿ ನಾಲ್ಕನೇ ಕ್ಲಾಸು ಮುಗಿದ ತಕ್ಷಣ ದಾರಿ ಕವಲೊಡೆಯುತ್ತೆ: ಯೂನಿವರ್ಸಿಟಿ ಕಡೆ ಒಯ್ಯೋ ಗಿಮ್ನಾಸಿಯುಂ, ಹತ್ತನೇ ಕ್ಲಾಸಿನವರೆಗಿನ ರಿಯಾಲ್‌ಶೂಲೆ, ಹೀಗೆ. ಬರ್ಲಿನ್‌ನಲ್ಲಿ ಅದು ಆರರ ಮೇಲೆ. ನಮ್ಮಲ್ಲಿ ಹತ್ತನೇ ಕ್ಲಾಸಿಗೆ ಬರೋ ಟೆನ್ಷನ್ ಇಲ್ಲಿ ಹತ್ತು ವರ್ಷದ ಮಗುವಿಗೆ ಬರುತ್ತೆ. ನನಗಂತೂ ಈ ಪದ್ಧತಿ ಇವತ್ತಿಗೂ ಒಗ್ಗಿಲ್ಲ. ಮೂರನೇ ಕ್ಲಾಸಿಗೇ ಹಾಕ್ತೀವಿ ಅಂದರೆ ಒಂದು ವರ್ಷ ಹೆಚ್ಚಿಗೆ ಸಿಕ್ಕಿತು ಅಂತ ಒಪ್ಕೊಳ್ಳಿ.

ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಇಲ್ಲಿ ಅದು ಶುರುವಾಗೋದೇ ಮೂರನೇ ಕ್ಲಾಸಲ್ಲಿ, ಅದೂ ಹಾಡು-ಆಟ. ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ. ನಿಮ್ಮ ಮಗಳು ಒಂದನೇ ಕ್ಲಾಸಿಂದ ಓದಿದಾಳೆ, ಆ ಒಂದು ಪೀರಿಯಡ್‌ನಲ್ಲಿ ಅವಳೇ ರಾಣಿ. ಮೊದಲ ವರ್ಷ ಮಗುವಿನ ಧೈರ್ಯಕ್ಕೆ ಅದೊಂದು ಪೀರಿಯಡ್ ಎಷ್ಟು ಮುಖ್ಯ ಅಂತ ನೀವೇ ನೋಡ್ತೀರಿ.

ಜರ್ಮನ್ ಕಷ್ಟ ಅಂತ ಹೆದರಿಸಿದಾರಲ್ಲ, ಇಂಗ್ಲಿಷ್ ಮೂಲಕ ಹೋದರೆ ಕಷ್ಟ. ಕನ್ನಡದ ಮೂಲಕ ಹೋಗಿ ನೋಡಿ. 'ಮೀರ್ ಇಸ್ಟ್ ಕಾಲ್ಟ್' ಅಂದ್ರೆ 'ನನಗೆ ಚಳಿ', ಇದ್ದಹಾಗೇ ಇದೆ. ಇಂಗ್ಲಿಷ್ ತಲೇಲಿಟ್ಟುಕೊಂಡು 'ಇಷ್ ಬಿನ್ ಕಾಲ್ಟ್' ಅಂದ್ರೋ, ನಾನು ಮನಸ್ಸಿಲ್ಲದ ತಣ್ಣಗಿನ ಮನುಷ್ಯ ಅನ್ನೋ ಅರ್ಥ ಬರುತ್ತೆ. ನಾನು ಮೊದಲ ಚಳಿಗಾಲದಲ್ಲಿ ಆಫೀಸಲ್ಲಿ ಎಲ್ಲರಿಗೂ ಹಾಗೇ ಹೇಳ್ಕೊಂಡು ಓಡಾಡಿದೆ! ಅನ್ನು, ಇಂದ, ಗೆ ಅಂತ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಇಲ್ಲಿಯವರ ಡಾಟಿವ್ ಅಂದ್ರೆ ಹೆಚ್ಚುಕಮ್ಮಿ ನಮ್ಮ 'ಗೆ'. 'ಯಾಕಂದರೆ' ಅಂತ ಶುರುವಾದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತೆ, ನಮ್ಮ ಹಾಗೆ.

ಇನ್ನೊಂದು ಮಜಾ. ಜರ್ಮನ್‌ನಲ್ಲಿ ಹುಡುಗಿ ನಪುಂಸಕಲಿಂಗ, 'ದಾಸ್ ಮೇಡ್ಶೆನ್'. ಇದನ್ನ ಕೇಳಿ ಬೇರೆ ದೇಶದವರೆಲ್ಲ ನಗ್ತಾರೆ. ಕೋಲಾರದವರಿಗೆ ಇದರಲ್ಲೇನು ವಿಶೇಷ? ತೆಲುಗಲ್ಲಿ ಅಮ್ಮಾಯಿ ವಚ್ಚಿಂದಿ, ಆವು ವಚ್ಚಿಂದಿ, ಎರಡಕ್ಕೂ ಒಂದೇ ಕ್ರಿಯಾಪದ. ಕನ್ನಡದಲ್ಲೂ ಮಗು 'ಬಂತು' ತಾನೆ.

ನಮ್ಮವರು ನಿಜವಾಗಿ ಎಡವೋದು ಬೇರೆ ಕಡೆ. ಇಲ್ಲಿ ಮಾರ್ಕ್ಸ್ ಒಂದರಿಂದ ಆರು, ಒಂದು ಅಂದ್ರೆ ಅತಿ ಒಳ್ಳೇದು. ಭಾಷೆ ವಿಷಯದಲ್ಲಿ ಬರೆದ ಪರೀಕ್ಷೆಗೆ ಒಂದು ಪಾಲು, ಕ್ಲಾಸಲ್ಲಿ ಬಾಯಿ ಬಿಟ್ಟಿದ್ದಕ್ಕೆ ಇನ್ನೊಂದು ಪಾಲು. ಶಾಲೆ, ಟೀಚರ್ ನೋಡ್ಕೊಂಡು ಅದು ಮೂರರಲ್ಲೊಂದು ಇರಬಹುದು, ಅರ್ಧವೂ ಇರಬಹುದು. ಗಿಮ್ನಾಸಿಯುಂ ಮೊದಲ ವರ್ಷ ನನ್ನ ಮಗಳಿಗೆ ಬರವಣಿಗೇಲಿ ಎರಡು, ಬಾಯಿಮಾತಲ್ಲಿ ನಾಲ್ಕು. ಪೇರೆಂಟ್ಸ್ ಮೀಟಿಂಗಲ್ಲಿ ಟೀಚರ್ ಕೇಳಿದ್ದು: "ಇವಳಿಗೆ ನನ್ನ ಪಾಠದಲ್ಲಿ ಆಸಕ್ತಿ ಇಲ್ವಾ?" ನಾನು ಕಕ್ಕಾಬಿಕ್ಕಿ. ಸುಮ್ಮನೆ ಕೈಕಟ್ಟಿ ಕೂರೋದು ಮೇಷ್ಟರಿಗೆ ಕೊಡೋ ಮರ್ಯಾದೆ ಅಂತ ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಇಲ್ಲಿ ಅದನ್ನ ಸೋಮಾರಿತನ ಅಂತ ಓದ್ತಾರೆ. ತಪ್ಪು ಉತ್ತರ ಹೇಳಿದರೂ ಪರವಾಗಿಲ್ಲ, ಕೈ ಎತ್ತಬೇಕು. 125ಕ್ಕೆ 125 ತೆಗೆಯೋಕೆ ನೋಟ್ಸ್ ಉರುಹೊಡೆದ ನಮ್ಮಂಥವರಿಗೆ ಇದು ತಲೆಗೆ ಹತ್ತೋದು ನಿಧಾನ.

ಅವಳ ಬಾಯಿ ಬಿಡಿಸಿದ್ದು ಕಿಟೆಲ್. ನಿಜವಾಗ್ಲೂ! ಇಲ್ಲಿ ದೊಡ್ಡ ಕ್ಲಾಸುಗಳಲ್ಲಿ ಒಂದು ವಿಷಯ ತಯಾರು ಮಾಡಿ ಎಲ್ಲರ ಮುಂದೆ ನಿಂತು ಮಾತಾಡಬೇಕು, ಅದಕ್ಕೆ ಪರೀಕ್ಷೆಯಷ್ಟೇ ತೂಕ. ಏನು ಮಾತಾಡ್ಲಿ ಅಂತ ಅಳ್ತಾ ಕೂತಿದ್ದಳು. ಭಾನುವಾರ ಟ್ಯೂಬಿಂಗೆನ್‌ಗೆ ಕರ್ಕೊಂಡು ಹೋದೆ, ರೈಲಲ್ಲಿ ಒಂದು ಗಂಟೆ. ಕಿಟೆಲ್ 1853ರಲ್ಲಿ ಧಾರವಾಡದ ಕಡೆ ಬಂದು, ಕನ್ನಡ ಕಲಿತು, 1894ರಲ್ಲಿ ಆ ದೊಡ್ಡ ನಿಘಂಟು ತಂದು, ಕೊನೆಗೆ 1903ರಲ್ಲಿ ತೀರ್ಕೊಂಡಿದ್ದು ಅದೇ ಊರಲ್ಲಿ ಅಂತ ನೆಕ್ಕರ್ ನದಿ ಸೇತುವೆ ಮೇಲೆ ನಿಂತು ಹೇಳಿದೆ. "ಜರ್ಮನ್‌ನವರು ನಮ್ಮ ಭಾಷೆ ಕಲಿತರಾ?" ಅಂತ ಕಣ್ಣು ಬಿಟ್ಟಳು. ಅದನ್ನೇ ಮಾತಾಡಿದಳು, ಬೋರ್ಡ್ ಮೇಲೆ ಇಡೀ ಕ್ಲಾಸಿನವರ ಹೆಸರು ಕನ್ನಡದಲ್ಲಿ ಬರೆದಳು. ಒಂದು ಬಂತು. ಆಮೇಲೆ ಅವಳ ಕೈ ಕೆಳಗಿಳಿದಿಲ್ಲ, ಮನೇಲೂ.

ಆರನೇ ಕ್ಲಾಸಿಗೆ ಗಿಮ್ನಾಸಿಯುಂನಲ್ಲಿ ಇನ್ನೊಂದು ಭಾಷೆ ಸೇರುತ್ತೆ, ಸಾಮಾನ್ಯವಾಗಿ ಫ್ರೆಂಚ್ ಅಥವಾ ಲ್ಯಾಟಿನ್. ನಮ್ಮಲ್ಲಿ ಮಾರ್ಕ್ಸಿಗೋಸ್ಕರ ಸಂಸ್ಕೃತ ತಗೊಳ್ತಾರಲ್ಲ, ಲ್ಯಾಟಿನ್ ಅಷ್ಟು ಸುಲಭ ಅಲ್ಲ. ಆದರೂ ನಾವು ಲ್ಯಾಟಿನ್ ತಗೊಂಡೆವು. ಅಲ್ಲಿ ಎಲ್ಲರೂ ಸೊನ್ನೆಯಿಂದಲೇ ಶುರು, ಉಚ್ಚಾರಣೆಗೆ ಯಾರೂ ನಗಲ್ಲ. ಅದರ ವ್ಯಾಕರಣ ಕಲಿಯುತ್ತಾ ಅವಳ ಜರ್ಮನ್ ವಿಭಕ್ತಿಗಳೂ ನೆಟ್ಟಗಾದವು.

ಡಬ್ಲಿನ್ ಆಫರ್ ಇನ್ನೂ ಕೈಲಿದೆ ಅಂದಿರಿ. ಅಲ್ಲಿ ಪಾಠವೆಲ್ಲ ಇಂಗ್ಲಿಷಲ್ಲಿ, ಮಗುವಿಗೆ ಸಲೀಸು. ಜೊತೆಗೆ ಐರಿಷ್ ಭಾಷೆ ಕಡ್ಡಾಯ. ಹನ್ನೆರಡು ತುಂಬಿದ ಮೇಲೆ ಹೊರಗಿಂದ ಬಂದವರಿಗೆ ವಿನಾಯಿತಿ ಕೇಳಬಹುದು, ನಿಮ್ಮವಳಿಗೆ ಒಂಬತ್ತು, ಹಾಗಾಗಿ ಕಲೀಲೇಬೇಕು. ಬರೀ ಶಾಲೆ ಸುಲಭ ಅಂತ ಅಲ್ಲಿಗೆ ಹೋಗಬೇಡಿ. ಸಂಬಳ, ಮನೆ ಬಾಡಿಗೆ ನೋಡಿ ನಿರ್ಧಾರ ಮಾಡಿ.

ಬೀದಿಯ ಜರ್ಮನ್ ಬೇರೆ ಇರುತ್ತೆ, ಅದಕ್ಕೂ ರೆಡಿ ಇರಿ. ಪುಸ್ತಕದಲ್ಲಿ ಬನ್‌ಗೆ 'ಬ್ರೋಟ್ಶೆನ್', ಇಲ್ಲಿನ ಬೇಕರಿ ಅಜ್ಜಿ ಬಾಯಲ್ಲಿ 'ವೆಕ್ಲೆ'. ಪಠ್ಯಪುಸ್ತಕದ ಕನ್ನಡಕ್ಕೂ ನಮ್ಮ ಮುಳಬಾಗಿಲು ಬಸ್‌ಸ್ಟ್ಯಾಂಡಿನ ಕನ್ನಡಕ್ಕೂ ಇರೋಷ್ಟೇ ದೂರ. ಮಗು ಒಂದು ವರ್ಷದಲ್ಲಿ ಎರಡೂ ಮಾತಾಡುತ್ತೆ, ನಾವೇ ಹಿಂದೆ ಬೀಳೋದು.

ಆನ್‌ಲೈನ್ ಜರ್ಮನ್ ಟ್ಯೂಷನ್‌ಗೆ ಹಾಕಬೇಕಾ ಅಂತ ಕೇಳಿದೀರಿ. ಹಾಕಿ, ತೊಂದರೆ ಇಲ್ಲ, ನಮಸ್ಕಾರ, ಬಾತ್‌ರೂಮಿಗೆ ಹೋಗ್ಬೇಕು, ನನಗೆ ಅರ್ಥ ಆಗಲಿಲ್ಲ, ಇಷ್ಟು ಬಂದರೆ ಸಾಕು. ಅದಕ್ಕಿಂತ ಮುಂಚೆ ಒಂದು ಬೆಳಗ್ಗೆ ಅವಳನ್ನ ಟೊಮ್ಯಾಟೊ ಮಂಡಿಗೆ ಕರ್ಕೊಂಡು ಹೋಗಿ. ನಮ್ಮಪ್ಪ ನನ್ನನ್ನ ಕರ್ಕೊಂಡು ಹೋಗ್ತಿದ್ದರು, ಐದು ಗಂಟೆಗೆ. ಹರಾಜು ಕೂಗೋನು ತೆಲುಗು, ಮದರಾಸಿಂದ ಬಂದ ವ್ಯಾಪಾರಿ ತಮಿಳು, ಲಾರಿ ಡ್ರೈವರ್ ಹಿಂದಿ, ಚೀಟಿ ಬರೆಯೋದು ಕನ್ನಡದಲ್ಲಿ. ಯಾರಿಗೂ ಯಾರ ಭಾಷೇನೂ ಪೂರ್ತಿ ಬರಲ್ಲ, ಬಾಕ್ಸ್ ಮಾತ್ರ ಲಾರಿ ಹತ್ತುತ್ತೆ. ನೀವು ದೂರ ನಿಂತ್ಕೊಳ್ಳಿ, ಬಾಕ್ಸ್ ಎಷ್ಟು ಅಂತ ಅವಳೇ ಕೇಳಲಿ.